ಬಲವಂತವಿಲ್ಲದೆ

ಮೇಜನ್ನು ಒರೆಸಿ ಮುಗಿಸಿದ ಮೇಲೆ ಡಾರಿಯೊ ಮಿನೆರ್ವಿನಿಗೆ, ಇದೇ ಮೇಜನ್ನು ಕಾಲು ಗಂಟೆಯ ಹಿಂದೆಯಷ್ಟೇ ಒರೆಸಿದ್ದು ನೆನಪಾಯಿತು. ಒದ್ದೆ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಪೋರ್ಟ್ ಪಿರಿಯಲ್ಲಿ ಒಣ ಬಟ್ಟೆಯಿಂದ ಯಾರೂ ಒರೆಸುವುದಿಲ್ಲ. ಸೀಸ ಕರಗಿಸುವ ಕುಲುಮೆಯ ಚಿಮಣಿಯಿಂದ ಊರಿನ ಮೇಲೆ ಇಳಿಯುವ ಸಣ್ಣ ಧೂಳು ಒಣ ಬಟ್ಟೆ ತಾಗಿದರೆ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತದೆ, ಅಷ್ಟೆ. ಅವನ ಅಮ್ಮ ಕಿಟಕಿಯ ಕಟ್ಟೆಗಳನ್ನು ದಿನಕ್ಕೆ ಎರಡು ಸಲ ಒರೆಸುತ್ತಲೇ ಮುದುಕಿಯಾದವಳು. ಒರೆಸಿದ್ದು ಎಲ್ಲಿಗೂ ಹೋಗುವುದಿಲ್ಲ ಮಗಾ, ಬಟ್ಟೆಗೆ ಬರುತ್ತೆ, ಬಟ್ಟೆಯಿಂದ ಬಕೆಟ್ಟಿಗೆ ಹೋಗುತ್ತೆ, ಬಕೆಟ್ಟಿನಿಂದ ಹಿತ್ತಲಿಗೆ ಹೋಗುತ್ತೆ ಅನ್ನುತ್ತಿದ್ದಳು, ಬೇಸರದಿಂದಲ್ಲ, ಸುಮ್ಮನೆ ಒಂದು ಸಂಗತಿ ಹೇಳುವ ಹಾಗೆ. ಹೊರಗೆ ಬಡಗಣ ಗಾಳಿ ಬೆಳಗಿನಿಂದಲೇ ಶುರುವಾಗಿತ್ತು. ಒಳನಾಡಿನ ಉಪ್ಪಿನ ಬಯಲುಗಳ ಮೇಲೆ ಕಾದು ಬರುವ ಗಾಳಿ, ಮಹಡಿಯ ಈ ಒಂದೇ ಕೋಣೆಯ ಕಿಟಕಿಯನ್ನು ಬೀಗ ಹಾಕಿದ್ದರೂ ಅಲುಗಾಡಿಸುತ್ತಿತ್ತು. ಮೇಜಿನ ಮೇಲೆ, ಒರೆಸುವಾಗ ಎರಡು ಸಲವೂ ಎತ್ತಿ ಮತ್ತೆ ಅಲ್ಲೇ ಇಟ್ಟಿದ್ದ ಕಾಗದ ಇತ್ತು.

ಕಾಗದ ಅಡಿಲೇಡಿನ ಒಬ್ಬ ವಕೀಲೆಯದು, ನಿನ್ನೆ ಬಂದದ್ದು. ಕೆಳಗಡೆಯ ಸಾಲಿನ ಮೂಲೆಯಲ್ಲಿ ಹೆಂಗಸರ ತಲೆಗೂದಲು ತೊಳೆದು ಕತ್ತರಿಸುವ ಅಂಗಡಿ ಇಟ್ಟುಕೊಂಡಿರುವ ನೋಲೀನ್ ಹಾರ್ಟ್‌ವಿಗ್ ಪರವಾಗಿ ಬರೆದದ್ದು. ಒಂದೇ ಪ್ರಶ್ನೆ. ಮೂರು ವರ್ಷದ ಹಿಂದೆ, ಫೆಬ್ರವರಿ ಹದಿನಾರರಂದು ನೀವು ನಮ್ಮ ಕಕ್ಷಿದಾರಳ ಸರ್ಟಿಫಿಕೇಟಿಗೆ ಸಹಿ ಹಾಕಿದಾಗ, ಕಟ್ಟಡದ ಮಾಲೀಕರಾದ ರಾಸ್ ಪೆಂಗಿಲಿಯವರ ಪರವಾಗಿ ಯಾವುದಾದರೂ ಕೆಲಸ ನಿಮ್ಮ ಕೈಯಲ್ಲಿತ್ತೆ? ಅವರನ್ನು ಅಂಗಡಿಯಿಂದ ಎಬ್ಬಿಸುವ ವಿಚಾರ ಸೋಮವಾರ ಕೋರ್ಟಿಗೆ ಬರುತ್ತದೆ, ಗುರುವಾರ ಸಂಜೆ ಐದರೊಳಗೆ ತಿಳಿಸಿ. ವಂದನೆ, ಸಹಿ. ಇವತ್ತು ಗುರುವಾರ. ಬೆದರಿಕೆಯಿಲ್ಲ, ಅನುಮಾನದ ಒಂದು ಮಾತೂ ಇಲ್ಲ. ಡಾರಿಯೊ ಇಂಥ ಎಷ್ಟೋ ಕಾಗದಗಳನ್ನು ತಾನೇ ಬರೆದಿದ್ದ. ಗೊತ್ತಿದ್ದು ಕೇಳುವ ಕಾಗದ ಬೇರೆ, ಗೊತ್ತಿಲ್ಲದೆ ಎಲ್ಲ ಬಾಗಿಲನ್ನೂ ಒಂದೊಂದು ಸಲ ತಳ್ಳಿ ನೋಡುವ ಕಾಗದ ಬೇರೆ. ಇದು ಎರಡನೆಯದು. ಇಲ್ಲ ಎಂದು ಬರೆದರೆ ಅವಳು ಪಟ್ಟಿಯಲ್ಲಿ ಗೀಟು ಎಳೆದು ಮುಂದಕ್ಕೆ ಹೋಗುತ್ತಾಳೆ. ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಕಾಯಿದೆ ಕಷ್ಟದ್ದಲ್ಲ. ಅಂಗಡಿಯ, ಜನ ಬಂದುಹೋಗುವ ಆಫೀಸಿನ ಬಾಡಿಗೆ ಕರಾರು ಐದು ವರ್ಷಕ್ಕೆ ಕಡಿಮೆ ಇರಕೂಡದು. ಕಾಗದದಲ್ಲಿ ಒಂದು ವರ್ಷ ಅಂತಲೋ ಮೂರು ಅಂತಲೋ ಬರೆದಿದ್ದರೂ ಬಾಡಿಗೆದಾರ ಬೇಕೆಂದರೆ ಐದು ತುಂಬುವ ತನಕ ಕೂರಬಹುದು, ಮಾಲೀಕ ಎಬ್ಬಿಸುವ ಹಾಗಿಲ್ಲ. ಯಾಕೆಂದರೆ ಅಂಗಡಿ ಹಾಕುವವರು ನೆಲಕ್ಕೆ, ಗೋಡೆಗೆ, ನಲ್ಲಿಗೆ ಸುರಿದದ್ದು ಒಂದೆರಡು ವರ್ಷದಲ್ಲಿ ಹಿಂದಕ್ಕೆ ಬರುವುದಿಲ್ಲ. ಆದರೆ ಒಂದು ಕಿಂಡಿ ಇದೆ. ಐದು ವರ್ಷ ನನಗೆ ಬೇಡ ಎಂದು ಬಾಡಿಗೆದಾರಳೇ ಬಿಟ್ಟುಕೊಡಬಹುದು. ಹಾಗೆ ಬಿಡುವ ಮೊದಲು ಒಬ್ಬ ವಕೀಲ, ಮಾಲೀಕನ ವಕೀಲನಲ್ಲದ ವಕೀಲ, ಅವಳನ್ನು ಕೂರಿಸಿಕೊಂಡು ಏನನ್ನು ಬಿಡುತ್ತಿದ್ದೀಯ ಎಂದು ವಿವರಿಸಿ, ಯಾರ ಬಲವಂತವೂ ಇಲ್ಲ ಎಂದು ಅವಳ ಬಾಯಲ್ಲಿ ಕೇಳಿ, ನಂಬಿ, ಸಹಿ ಹಾಕಬೇಕು. ಊರಿನಲ್ಲಿ ಅದಕ್ಕೆ ಬರೀ ಸರ್ಟಿಫಿಕೇಟು ಅನ್ನುತ್ತಾರೆ. ಪೆಂಗಿಲಿ ಸರ್ಟಿಫಿಕೇಟಿಲ್ಲದೆ ಯಾರಿಗೂ ಬೀಗದ ಕೈ ಕೊಡುವವನಲ್ಲ. ಸರ್ಟಿಫಿಕೇಟಿಗೆ ಅವನು ಎಲ್ಲರನ್ನೂ ಕಳಿಸುತ್ತಿದ್ದದ್ದು ಡಾರಿಯೊ ಹತ್ತಿರ. ಕಳಿಸುತ್ತಿದ್ದ ಅಷ್ಟೆ, ಡಾರಿಯೊ ಅವನ ವಕೀಲನಲ್ಲ. ಅಲ್ಲ ಎಂದು ಡಾರಿಯೊ ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದಾನೆ, ಹೇಳಿಕೊಂಡಿದ್ದಾನೆ. ಆ ಎರಡು ವಾರ ಬಿಟ್ಟರೆ.

ಆ ಎರಡು ವಾರ ಅನ್ನುವುದೂ ದೊಡ್ಡ ಮಾತು. ಒಂದು ಕಾಗದ. ಪೆಂಗಿಲಿಯ ಗೋದಾಮಿನ ಹಿಂದಿನ ಬೇಲಿ, ಪಕ್ಕದ ಹೋಟೆಲಿನವನು ಅರ್ಧ ಮೀಟರು ಒಳಗೆ ಹಾಕಿದ್ದಾನೆ ಅಂತ ತಕರಾರು. ಪೆಂಗಿಲಿ ಬೀದಿಯಲ್ಲಿ ಸಿಕ್ಕಾಗ, ಒಂದು ಬಿಗಿಯಾದ ಕಾಗದ ಬರೆದು ಬಿಸಾಕಯ್ಯಾ ಅಂದಿದ್ದ. ಬರೆದ. ಬಿಲ್ಲು ಮಾಡಲಿಲ್ಲ. ಹೋಟೆಲಿನವನು ಹೆದರಿ ಬೇಲಿ ಸರಿಸಿದ, ಆಮೇಲೆ ಹೋಟೆಲನ್ನೇ ಮುಚ್ಚಿ ಕ್ವೀನ್ಸ್‌ಲೆಂಡಿನ ಕಡೆ ಹೋದ. ಪೆಂಗಿಲಿ ಒಂದು ಶನಿವಾರ ಮನೆ ಬಾಗಿಲಿಗೆ ಬಂದು ಒಂದು ಬಕೆಟ್ ಏಡಿ ಕೊಟ್ಟುಹೋದ, ಆವತ್ತೇ ಕೊಲ್ಲಿಯಲ್ಲಿ ಹಿಡಿದ ನೀಲಿ ಏಡಿ, ಇನ್ನೂ ಕಾಲಾಡಿಸುತ್ತಿದ್ದವು. ಪಿರಿಯಲ್ಲಿ ಅರ್ಧ ಕೆಲಸ ಹೀಗೇ ನಡೆಯುವುದು. ನಲ್ಲಿ ರಿಪೇರಿಯವನಿಗೆ ಮೀನು, ಮೀನಿನವನಿಗೆ ಟೊಮೇಟೊ. ಅಮ್ಮ ಮೇಜಿನ ಮೇಲೆ ಪೇಪರು ಹಾಸಿ ಬೇಯಿಸಿದ ಏಡಿ ಸುರಿದು, ಇಬ್ಬರೂ ಕೈಯಲ್ಲೇ ಮುರಿದು ಮುರಿದು ತಿಂದರು. ಏಡಿಗೆ ಬರೆದ ಕಾಗದ ವಕೀಲಿಕೆ ಹೇಗಾಗುತ್ತದೆ? ಆದರೆ ಡಾರಿಯೊ ಅಚ್ಚುಕಟ್ಟಿನ ಮನುಷ್ಯ. ಒಂದು ಹಾಳೆಯ ಕೆಲಸಕ್ಕೂ ಫೈಲು ತೆರೆಯುವವನು. ಬೀರುವಿನ ಕೆಳಗಿನ ಖಾನೆಯಲ್ಲಿ ಆ ಫೈಲು ಇತ್ತು. ತೆಳ್ಳಗೆ, ಕಂದು ಬಣ್ಣದ್ದು, ಮೇಲೆ ಅವನದೇ ಕೈಬರಹ: ಪೆಂಗಿಲಿ, ಬೇಲಿ. ತೆರೆದದ್ದು ಫೆಬ್ರವರಿ ಒಂಬತ್ತು. ಮುಚ್ಚಿದ್ದು ಇಪ್ಪತ್ತಮೂರು. ನಡುವೆ ಹದಿನಾರು.

ಹದಿನಾರರ ಆ ಹೊತ್ತು ಅವನಿಗೆ ಬೇಕಾದಾಗ ಅಲ್ಲ, ಬೇಡದಾಗ ಬರುತ್ತಿತ್ತು. ಆಗ ಅವನ ಆಫೀಸು ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿತ್ತು. ನೋಲೀನ್ ಓಡಿಕೊಂಡೇ ಬಂದಿದ್ದಳು. ಹಳೆಯ ಅಂಗಡಿಯಲ್ಲಿ ಯಾರದೋ ತಲೆಗೆ ಬಣ್ಣ ಹಚ್ಚಿ ಇಪ್ಪತ್ತು ನಿಮಿಷಕ್ಕೆ ಗಡಿಯಾರ ಇಟ್ಟು ಬಂದಿದ್ದೇನೆ ಎಂದಳು. ಉಗುರಿನ ಸುತ್ತ ಕಂದು ಬಣ್ಣ ಕೂತಿತ್ತು. ಬರುವುದಕ್ಕೆ ನಾಲ್ಕು, ಹೋಗುವುದಕ್ಕೆ ನಾಲ್ಕು ತೆಗೆದರೆ ಉಳಿದದ್ದು ಹನ್ನೆರಡು. ಕೂತು ಉಸಿರು ಬಿಡಲಿಕ್ಕೆ ಒಂದು. ಹನ್ನೊಂದು ನಿಮಿಷದಲ್ಲಿ ಅವನು ಐದು ವರ್ಷವನ್ನು ವಿವರಿಸಿದ. ಸರಿಯಾಗಿಯೇ ವಿವರಿಸಿದ, ಎಲ್ಲ ಶಬ್ದಗಳೂ ಬಂದವು. ಅವಳು ತಲೆಯಾಡಿಸುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಳು. ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಕೇಳಿದ, ಯಾರೂ ಬಲವಂತ ಮಾಡಿಲ್ಲ ತಾನೆ. ಅವಳು ಮೊದಲ ಸಲ ಅವನ ಮುಖ ನೋಡಿದಳು. "ಸಹಿ ಹಾಕದೆ ಇದ್ರೆ ಅಂಗಡಿ ಕೊಡಲ್ಲ ಅಂದಿದಾನೆ. ಅದು ಬಲವಂತನಾ?" ಎಂದು ಕೇಳಿದಳು. ಕುಹಕವೇನೂ ಇರಲಿಲ್ಲ. ತಿಳಿದುಕೊಳ್ಳುವುದಕ್ಕೇ ಕೇಳಿದ್ದಳು, ಅವನು ವಕೀಲ, ಅವನಿಗೆ ಗೊತ್ತಿರುತ್ತದೆ ಎಂದು. ಅವನು ನಕ್ಕ. ನಕ್ಕದ್ದು ನೋಡಿ ಅವಳೂ, ತಾನು ಏನೋ ತಮಾಷೆ ಮಾಡಿದೆ ಅಂದುಕೊಂಡು, ಸ್ವಲ್ಪ ತಡವಾಗಿ ನಕ್ಕಳು. ಬಲವಂತವಿಲ್ಲದೆ ಎಂಬಲ್ಲಿ ಅವನು ಸಹಿ ಹಾಕಿದ. ಈಗ ನೆನಪಿಗೆ ಬಂದು ಕಾಡುವುದು ಅವನ ನಗುವಲ್ಲ, ಅವಳ ನಗುವಿನ ಆ ತಡ. ಆಮೇಲೆ ಅವಳು ಮೂಲೆ ಅಂಗಡಿಯ ಸಿಮೆಂಟು ನೆಲ ಒಡೆಸಿ, ಕೊಳವೆ ಹೂಳಿಸಿ, ತಲೆ ತೊಳೆಯುವ ಮೂರು ತೊಟ್ಟಿಗಳನ್ನು ನೆಲಕ್ಕೇ ಕೂರಿಸಿದಳು. ಕುರ್ಚಿ, ಕನ್ನಡಿ ಎತ್ತಿಕೊಂಡು ಹೋಗಬಹುದು. ತೊಟ್ಟಿಗಳನ್ನು ಎತ್ತಲಾಗುವುದಿಲ್ಲ.

ಹನ್ನೆರಡರ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಡಾರಿಯೊ ಕಾಗದವನ್ನು ಮಗುಚಿ ಹಾಕಿದ. ಹಾಕಿದ ಮೇಲೆ, ಮಗುಚಿದ ಕಾಗದ ಮಗುಚದ ಕಾಗದಕ್ಕಿಂತ ಹೆಚ್ಚು ಕಾಣುತ್ತದೆ ಅನ್ನಿಸಿ, ಮೇಲೊಂದು ಪುಸ್ತಕ ಇಟ್ಟ. ಪೆಂಗಿಲಿ ಬಾಗಿಲು ತಟ್ಟದೆ ಬಂದ. ಬಂದವನು ಕೂರದೆ ಕಿಟಕಿಯ ಹತ್ತಿರ ಹೋಗಿ ಚೌಕಟ್ಟನ್ನು ಅಂಗೈಯಿಂದ ಒತ್ತಿ ನೋಡಿದ, ತನ್ನ ಕುದುರೆಯ ಬೆನ್ನು ತಟ್ಟುವವನ ಹಾಗೆ. ಅರವತ್ತೈದು ದಾಟಿದ ದಪ್ಪ ಆಳು, ಮೊಣಕಾಲಿನವರೆಗಿನ ಚಡ್ಡಿ, ಎಳೆದುಕಟ್ಟಿದ ಸಾಕ್ಸು. ಈ ಗಾಳಿಯಲ್ಲಿ ದೋಣಿ ಬಿಡುವ ಹಾಗಿಲ್ಲ ಎಂದ, ಕುಲುಮೆಯಲ್ಲಿ ಮತ್ತೆ ಆಳು ಕಡಿಮೆ ಮಾಡುತ್ತಾರಂತೆ ಎಂದ, ಅಮ್ಮ ಹೇಗಿದ್ದಾಳೆ ಎಂದ. ಮೂಲೆ ಅಂಗಡಿಗೆ ದೊಡ್ಡ ಔಷಧಿ ಕಂಪನಿಯವರು ಬರುವುದು ಬಹುತೇಕ ಖಾಯಂ, ಊರಿಗೇ ಒಳ್ಳೆಯದು, ಮುದುಕರು ಮಾತ್ರೆಗೆ ಅಷ್ಟು ದೂರ ನಡೆಯುವುದು ತಪ್ಪುತ್ತದೆ ಎಂದ. ನೋಲೀನ್ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಡಾರಿಯೊಗೆ ಒಂದು ಹಿಡಿ ಸಿಗುತ್ತಿತ್ತು, ಅದರ ಬಗ್ಗೆ ಮಾತಾಡಕೂಡದು ರಾಸ್ ಎಂದು ಗಂಭೀರವಾಗಿ ಹೇಳಿ ಅವನನ್ನು ಕಳಿಸಬಹುದಿತ್ತು. ಅವನು ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತ.

"ಅಡಿಲೇಡಿಂದ ಕಾಗದ ಬಂದಿರಬೇಕಲ್ಲ, ಲಾಯರೇ."

ಡಾರಿಯೊ ಹೌದು ಅಂದ.

"ನನಗೂ ಬಂದಿದೆ, ನಂಗೊಂದು, ನನ್ನ ಏಜೆಂಟಂಗೊಂದು. ಊರಿಗೆಲ್ಲ ಹಂಚ್ತಾ ಇದಾಳೆ, ಮದುವೆ ಕಾಗದದ ಥರ. ನಾನು ಬರೆದು ಹಾಕ್ದೆ, ನಂಗೂ ಡಾರಿಯೋಗೂ ಏನ್ ಸಂಬಂಧ, ಅವನು ನನ್ನ ವಕೀಲನೇ ಅಲ್ಲ ಅಂತ. ಸರೀನಾ?" ಅವನು ಕಾಯಲಿಲ್ಲ. ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿ, "ಅದನ್ನ ಸರಿಮಾಡಿಸಿ ಕೊಡ್ತೀನಿ. ಮಾರ್ಚಿಗೆ ಮತ್ತೆ ಒಂದು ವರ್ಷಕ್ಕೆ ಬರೆಯೋಣ, ಬಾಡಿಗೆ ಹಾಗೇ ಇರ್ಲಿ," ಎಂದ. ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕುತ್ತಿದ್ದ.

ಡಾರಿಯೊ ಕೂತೇ ಇದ್ದ. ಹೆದರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಯೋಚಿಸಿದ. ಹೆದರಿಸಿದವನ ಎದುರು ನಿಲ್ಲುವುದು ಹೇಗೆಂದು ಎಲ್ಲರಿಗೂ ಗೊತ್ತಿದೆ. ಇವನು ಕಿಟಕಿ ಸರಿಮಾಡಿಸಿ ಕೊಡುತ್ತಾನೆ. ಎರಡು ವರ್ಷದ ಹಿಂದೆ ಓಣಿಯ ಆಫೀಸಿನ ಸೂರು ಸೋರತೊಡಗಿದಾಗ, ಮೇಲಿನ ಕೋಣೆ ಖಾಲಿ ಇದೆ ಬಾ ಅಂದವನೂ ಇವನೇ. ಆಗಲೂ ಯಾರೂ ಬಲವಂತ ಮಾಡಿರಲಿಲ್ಲ. ಫೈಲನ್ನು ಹರಿದುಹಾಕುವ ಯೋಚನೆ ಬೆಳಗಿನಿಂದ ಇರಲಿಲ್ಲ. ಈಗ ಬಂತು, ಬಹಳ ಹಳೆಯ ಪರಿಚಯದವರು ಬರುವ ಹಾಗೆ ಸಹಜವಾಗಿ ಬಂದು ಪಕ್ಕದಲ್ಲಿ ಕೂತಿತು. ಮೂರು ಹಾಳೆ. ಹರಿಯಬೇಕಾಗಿಯೂ ಇಲ್ಲ, ಯಾರೂ ಕೇಳುವುದಿಲ್ಲ. ಹೌದು ಎಂದು ಬರೆದರೆ ಆಗುವುದನ್ನೂ ಅವನು ಸಾಲಾಗಿ ಕಂಡ. ಸುಳ್ಳು ಸರ್ಟಿಫಿಕೇಟಿಗೆ ಸಹಿ ಹಾಕಿದ ವಕೀಲ, ವಿಚಾರಣೆ, ಸನದು ಹೋದರೂ ಹೋಯಿತು. ನಲವತ್ತೇಳನೆಯ ವಯಸ್ಸಿನಲ್ಲಿ ಈ ಊರಿನಲ್ಲಿ ಇನ್ನೇನು ಕೆಲಸ? ಕುಲುಮೆ ಅವನನ್ನು ತೆಗೆದುಕೊಳ್ಳುವುದಿಲ್ಲ, ಸಮುದ್ರ ಮೀನು ಹಿಡಿಯುತ್ತಿದ್ದ ಅಪ್ಪನ ಜೊತೆಗೇ ಮುಗಿಯಿತು. ಇಷ್ಟೆಲ್ಲ ಆಗಿ ನೋಲೀನ್‌ಗೆ ಸಿಗುವುದೇನು? ಸರ್ಟಿಫಿಕೇಟು ಬಿದ್ದರೆ ಅವಳಿಗೆ ಐದು ವರ್ಷ, ಅದರಲ್ಲಿ ಮೂರು ಕಳೆದಿದೆ. ಎರಡು ವರ್ಷ. ಎರಡು ವರ್ಷ ಆದ ಮೇಲೆ ಪೆಂಗಿಲಿ ಹೇಗೂ ಎಬ್ಬಿಸುತ್ತಾನೆ. ಒಂದು ಬದುಕನ್ನು ಎತ್ತಿ ಕೊಟ್ಟು ಇನ್ನೊಬ್ಬರಿಗೆ ಎರಡು ವರ್ಷ ಕೊಡಿಸುವುದು ಯಾವ ನ್ಯಾಯ ಎಂದು ಕೇಳಿಕೊಂಡ. ಲೆಕ್ಕ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ.

ಮೂರು ಗಂಟೆಗೆ ಅಮ್ಮನನ್ನು ಕರೆತರಬೇಕಿತ್ತು. ಗುರುವಾರ ಅಮ್ಮನಿಗೆ ತಲೆಯ ದಿನ. ಮಧ್ಯಾಹ್ನ ಒಂದೂವರೆಗೆ ಟ್ಯಾಕ್ಸಿಯಲ್ಲಿ ನೋಲೀನ್ ಅಂಗಡಿಗೆ ಬಂದು ತಲೆ ತೊಳೆಸಿ, ಸುರುಳಿ ಸುತ್ತಿಸಿ, ಮೂರಕ್ಕೆ ಅವನ ಜೊತೆ ಮನೆಗೆ ಹೋಗುವಳು. ಒಂದು ವಾರವೂ ತಪ್ಪಿಸಿದವಳಲ್ಲ. ಬೀದಿಯಲ್ಲಿ ಗಾಳಿ ಮುಖಕ್ಕೆ ಹೊಡೆಯಿತು. ಇಪ್ಪತ್ತು ಹೆಜ್ಜೆಯ ದಾರಿಯನ್ನು ಅವನು ಎದುರು ಬದಿಗೆ ದಾಟಿ, ಮುಂದಕ್ಕೆ ಹೋಗಿ, ಮತ್ತೆ ದಾಟಿ, ಐದು ನಿಮಿಷ ಮಾಡಿಕೊಂಡು ಹೋದ. ಒಳಗೆ ತಂಪು, ಅಮೋನಿಯಾದ ವಾಸನೆ. ಅಮ್ಮ ಕೂದಲು ಒಣಗಿಸುವ ಬಿಸಿಗಾಳಿಯ ಟೋಪಿಯ ಕೆಳಗೆ ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆ ಕೆಂಪಾಗಿತ್ತು, ಯಾವುದೋ ಸಣ್ಣ ಊರಿನ ರಾಣಿಯ ಹಾಗೆ. ಇನ್ನೂ ಹತ್ತು ನಿಮಿಷ ಇದೆ ಎಂದಳು ನೋಲೀನ್. ಅವನ ಕತ್ತಿನ ಹಿಂದೆ ನೋಡಿ, ಏನಪ್ಪಾ ಇದು ಕಾಡು, ಕೂತ್ಕೋ ಬಾ, ಸುಮ್ಮನೆ ನಿಂತ್ಕೊಂಡು ನನ್ನ ಗಿರಾಕಿಗಳನ್ನ ಹೆದರಿಸಬೇಡ ಎಂದಳು. ಬೇರೆ ಗಿರಾಕಿಗಳು ಯಾರೂ ಇರಲಿಲ್ಲ. ಅವನು ಹೋಗಿ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತ.

ತೊಟ್ಟಿಯ ಅಂಚಿಗೆ ಕತ್ತು ಒರಗಿಸಿ ತಲೆ ಹಿಂದಕ್ಕೆ ಹಾಕಿದಾಗ ಚಾವಣಿ ಬಿಟ್ಟು ಬೇರೇನೂ ಕಾಣಲಿಲ್ಲ. ಬಟ್ಟೆಯನ್ನು ಕತ್ತಿಗೆ ಸುತ್ತಿ ಹಿಂದೆ ಕಟ್ಟಿದ್ದಳು. ಕೈಗಳು ಬಟ್ಟೆಯ ಒಳಗೆ ಎಲ್ಲೋ ಇದ್ದವು. ಪಿಂಗಾಣಿಯ ಅಂಚು ತಣ್ಣಗೆ ಕತ್ತಿನ ಮೂಳೆಗೆ ಒತ್ತುತ್ತಿತ್ತು. ಅದು ನೆಲಕ್ಕೆ ಹೂತದ್ದು, ಅಲುಗುವುದಿಲ್ಲ, ಅದರೊಳಗೆ ತಲೆ ಇಟ್ಟವನು ತಾನಾಗಿ ಏಳುವ ಹಾಗಿಲ್ಲ, ತೊಳೆಯುವವಳು ಎತ್ತಬೇಕು. ಬೆಚ್ಚನೆಯ ನೀರು ಬಂತು. ಅವಳ ಬೆರಳು ಕಿವಿಯ ಹಿಂದೆ, ನೆತ್ತಿಯ ಮೇಲೆ, ಯಾವ ಅವಸರವೂ ಇಲ್ಲದೆ ಓಡಾಡಿತು. ಎಷ್ಟು ವರ್ಷವಾಗಿರಬಹುದು ಇನ್ನೊಬ್ಬರ ಕೈ ಹೀಗೆ ತಲೆಯ ಮೇಲೆ ಇದ್ದು. ಅವನಿಗೆ ಅಳು ಬರುವ ಹಾಗಾಯಿತು, ನಾಚಿಕೆಯಾಯಿತು, ಸೋಪಿನ ನೀರು ಕಣ್ಣಿಗೆ ಬಿತ್ತು ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನ ಹಿಂದೆ ಹೇಳುವುದು ಸುಲಭ ಅನ್ನಿಸಿತು.

"ನೋಲೀನ್, ಆ ಸರ್ಟಿಫಿಕೇಟು ಮಾಡಿದ ವಾರ ನಾನು ಪೆಂಗಿಲಿಗೆ ಒಂದು ಕಾಗದ ಬರೆದುಕೊಟ್ಟಿದ್ದೆ."

ಬೆರಳು ನಿಲ್ಲಲಿಲ್ಲ. "ಬೇಲೀದು," ಎಂದಳು.

ಅವನು ಕಣ್ಣು ತೆರೆದ. ಚಾವಣಿ ಹಾಗೇ ಇತ್ತು.

"ಏಡಿ ಕೊಟ್ಟಿದ್ನಂತೆ. ನಿಮ್ಮಮ್ಮ ಹೇಳಿದ್ಳು, ಅದೇ ತಿಂಗಳು. ಮಾಂಸ ಜಾಸ್ತಿ ಇರೋ ಗಂಡು ಏಡಿ ಒಂದೂ ಇರ್ಲಿಲ್ಲ, ಜಿಪುಣ ಅಂತ ಬೈದ್ಳು." ಅವಳು ನೀರು ಬಿಟ್ಟಳು. "ಆಗ ನಂಗೇನು ಗೊತ್ತು ಅದು ಇಷ್ಟು ದೊಡ್ಡ ವಿಷ್ಯ ಅಂತ. ಮೊನ್ನೆ ಆ ಲಾಯರಮ್ಮ ನಿಯಮ ಓದಿ ಹೇಳಿದಾಗ ಗೊತ್ತಾಯ್ತು. ಮಾಲೀಕನ ಪರ ಯಾವ ಕೆಲಸನೂ ಇರಬಾರದು ಅಂತ."

"ನೀವು ಅವರಿಗೆ ಹೇಳಲಿಲ್ಲವಾ?"

"ಏನಂತ ಹೇಳ್ಲಿ, ಟೋಪಿ ಕೆಳಗೆ ಕೂತ ಅಜ್ಜಿ ಏಡಿ ತಿಂದ ಕಥೆ ಹೇಳಿದ್ಳು ಅಂತಲಾ? ಅದನ್ನ ಕೋರ್ಟಲ್ಲಿ ನಿಮ್ಮಮ್ಮನ್ನ ಕರೆಸಿ ಕೇಳೋದಾ?" ಅವಳು ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ, ಟವೆಲು ಸುತ್ತಿದಳು. ಈಗ ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು, ಅವಳು ಅವನನ್ನು ನೋಡುತ್ತಿರಲಿಲ್ಲ, ಬಾಚಣಿಗೆ ಹುಡುಕುತ್ತಿದ್ದಳು. "ಎಲ್ಲರನ್ನೂ ಕೇಳಿ ಕಾಗದ ಬರೀರಿ ಅಂದೆ. ಬರೆದ್ಳು. ನೀನು ಹೇಳ್ತೀಯೋ ಬಿಡ್ತೀಯೋ ಅದು ನಿಂಗೆ ಬಿಟ್ಟಿದ್ದು."

ಬಾಚಣಿಗೆ ಸಿಕ್ಕಿತು. ಕತ್ತರಿಯ ತುದಿ ಕಿವಿಯ ಹತ್ತಿರ ತಣ್ಣಗೆ ತಾಗಿತು. ಅವನು, ಹೇಳಿದರೂ ನಿಮಗೆ ಸಿಗುವುದು ಎರಡೇ ವರ್ಷ ಎಂದ. ಹೇಳುವಾಗಲೇ ತನ್ನ ದನಿಯಲ್ಲಿ ಮಧ್ಯಾಹ್ನದ ಲೆಕ್ಕ ಅವನಿಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು.

"ಎರಡು ವರ್ಷ ಅಂದ್ರೆ ನೂರು ಗುರುವಾರ, ಡಾರಿಯೊ," ಎಂದಳು, ಕತ್ತರಿ ನಿಲ್ಲಿಸದೆ. "ನಿಮ್ಮಮ್ಮಂಗೆ ಈಗ ಎಂಬತ್ತೊಂದು."

ಅಮ್ಮ ಟೋಪಿಯ ಕೆಳಗಿನಿಂದ, ಏನದು, ನನ್ನ ಹೆಸರು ಯಾಕೆ ಬಂತು ಎಂದು ಗಟ್ಟಿಯಾಗಿ ಕೇಳಿದಳು. ನಿನ್ನ ಮಗನಿಗೆ ನೆತ್ತಿ ಬೋಳಾಗುತ್ತಿದೆ ಅಂತಿದ್ದೆ ಎಂದಳು ನೋಲೀನ್, ಅವಳಿಗಿಂತ ಗಟ್ಟಿಯಾಗಿ. ಅಪ್ಪನ ತಲೆ ಅದು, ನನ್ನ ಕಡೆಯದಲ್ಲ ಎಂದಳು ಅಮ್ಮ.

ಅಮ್ಮನನ್ನು ಮನೆಗೆ ಬಿಟ್ಟು ಬರುವಾಗ ನಾಲ್ಕೂಕಾಲು. ಕಾರಿನಲ್ಲಿ ಅಮ್ಮ ಎದುರಿನ ಕನ್ನಡಿ ತಿರುಗಿಸಿಕೊಂಡು ತಲೆ ನೋಡಿಕೊಳ್ಳುತ್ತಿದ್ದಳು, ಗಾಳಿಗೆ ಕೆಡದ ಹಾಗೆ ಗಾಜು ಏರಿಸು ಅಂದಳು. ಆ ಏಡಿ ಕಥೆ ಹೇಳಿದ್ದು ನೆನಪಿದೆಯೇ ಎಂದು ಅವನು ಕೇಳಲಿಲ್ಲ. ನೆನಪಿದ್ದರೆ ಏನು ಮಾಡುವುದು, ನೆನಪಿಲ್ಲದಿದ್ದರೆ ಏನು ಮಾಡುವುದು. ಆಫೀಸಿನ ಮೆಟ್ಟಿಲು ಹತ್ತುವಾಗ ಒದ್ದೆ ಕೂದಲಿನಿಂದ ಒಂದು ಹನಿ ಕಾಲರಿನೊಳಗೆ ಇಳಿದು ಬೆನ್ನಿನ ನಡುವೆ ಎಲ್ಲೋ ನಿಂತಿತು. ಕೂತು ಬರೆಯತೊಡಗಿದ. ಮೊದಲು ಬರೆದದ್ದರಲ್ಲಿ 'ಶುಲ್ಕವಿಲ್ಲದೆ, ಸ್ನೇಹಕ್ಕಾಗಿ' ಎಂದಿತ್ತು. ಅಳಿಸಿದ. ಎರಡನೆಯದರಲ್ಲಿ 'ಆ ಸಮಯದಲ್ಲಿ ನನ್ನ ತಿಳಿವಳಿಕೆಯ ಪ್ರಕಾರ' ಎಂದಿತ್ತು. ಅದೂ ಬೇಲಿಯೇ, ಅರ್ಧ ಮೀಟರು ಈಚೆ ಹಾಕಿದ್ದು. ಕಕ್ಷಿದಾರನ ವಿಷಯ ಬಿಚ್ಚಿಡಬಾರದು ಎಂಬ ನಿಯಮ ಒಂದು ಕ್ಷಣ ಕೈ ಹಿಡಿಯಲು ಬಂತು. ಹಿಡಿಯಬಹುದಿತ್ತು, ಆದರೆ ಹಿಡಿದರೆ ಆ ಮನುಷ್ಯ ತನ್ನ ಕಕ್ಷಿದಾರ ಎಂದು ಒಪ್ಪಿಕೊಂಡ ಹಾಗೇ ಆಯಿತು. ಕೊನೆಗೆ ಉಳಿದದ್ದು ಎರಡು ವಾಕ್ಯ. ಹೌದು, ಫೆಬ್ರವರಿ ಒಂಬತ್ತರಿಂದ ಇಪ್ಪತ್ತಮೂರರವರೆಗೆ ನಾನು ರಾಸ್ ಪೆಂಗಿಲಿಯವರ ಪರವಾಗಿ ಒಂದು ಬೇಲಿಯ ತಕರಾರಿನಲ್ಲಿ ಕೆಲಸ ಮಾಡುತ್ತಿದ್ದೆ. ಆ ಸರ್ಟಿಫಿಕೇಟಿಗೆ ನಾನು ಸಹಿ ಹಾಕಬಾರದಿತ್ತು. ಕಳಿಸುವ ಗುಂಡಿ ಒತ್ತಿದಾಗ ನಾಲ್ಕು ಐವತ್ತು. ಹಗುರಾಗಬಹುದು ಎಂದು ಕಾದ. ಕಿಟಕಿ ಅಲುಗಾಡುತ್ತಿತ್ತು. ಏನೂ ಹಗುರಾಗಲಿಲ್ಲ, ಹೊತ್ತ ಹೊರೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ ಹಾಗಾಯಿತು.

ಪೆಂಗಿಲಿಯ ಫೋನು ಐದೂಕಾಲಿಗೇ ಬಂತು. ಅಡಿಲೇಡಿನವಳು ಅವನ ವಕೀಲನಿಗೆ ಒಂದು ಪ್ರತಿ ಕಳಿಸಿದ್ದಳು. ಪೆಂಗಿಲಿ ಕೂಗಾಡಲಿಲ್ಲ. ದೋಣಿಯಲ್ಲಿ ಬಲೆ ಮಡಿಸುವವನಂತೆ ನಿಧಾನವಾಗಿ ಮಾತಾಡಿದ. ನಿನ್ನ ಅಪ್ಪ ಬಾಯಿ ಬಿಗಿ ಇದ್ದ ಮನುಷ್ಯ ಎಂದ. ನಿನ್ನದು ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತೆ, ಒಂದರ ಬೆಳಗ್ಗೆ ಬೀಗ ಬದಲಾಗಿರುತ್ತೆ, ನಿನಗೂ ಸರ್ಟಿಫಿಕೇಟು ಇದೆ ಅನ್ನೋದು ನೆನಪಿರಲಿ ಎಂದ. ಫೋನು ಇಟ್ಟ.

ಇತ್ತು. ಡಾರಿಯೊ ತನ್ನ ಕರಾರನ್ನು ಖಾನೆಯಿಂದ ತೆಗೆದು ಕೊನೆಯ ಹಾಳೆ ನೋಡಿದ. ಎರಡು ವರ್ಷದ ಹಿಂದೆ ಅವನು ಈ ಕೋಣೆಗೆ ಬಂದಾಗ ಪೆಂಗಿಲಿ ಅವನಿಗೂ ಬಿಡದೆ ಸರ್ಟಿಫಿಕೇಟು ಕೇಳಿದ್ದ. ವಕೀಲನಿಗೆ ಕಾಯಿದೆ ವಿವರಿಸಲು ಇನ್ನೊಬ್ಬ ವಕೀಲ. ಪೋರ್ಟ್ ಆಗಸ್ಟಾದಲ್ಲಿ ಆಗಷ್ಟೇ ಹೊಸದಾಗಿ ಬೋರ್ಡು ಹಾಕಿದ್ದ ಬ್ರಿಯೊನಿ ಪಾಸ್ಕೊಗೆ ಅವನೇ ಫೋನು ಮಾಡಿದ್ದ. ಅವನ ಆಫೀಸಿನಲ್ಲೇ ಎರಡು ವರ್ಷ ಕೆಲಸ ಕಲಿತವಳು. ನನಗೆ ನೀನು ಏನು ವಿವರಿಸುತ್ತೀ, ಹಾಕು ಸಹಿ, ಅಂಚೆಯಲ್ಲಿ ಕಳಿಸುತ್ತೇನೆ ಅಂದಿದ್ದ. ಅವಳು ಹಾಕಿ ಕಳಿಸಿದಳು. ಅಂದರೆ ಇದೂ ಪೊಳ್ಳು. ವಿವರಿಸಿದೆ ಎಂದು ಬರೆದದ್ದು ವಿವರಿಸಿಲ್ಲ, ಕೇಳಿದೆ ಎಂದು ಬರೆದದ್ದು ಕೇಳಿಲ್ಲ. ಸರ್ಟಿಫಿಕೇಟು ಬಿದ್ದರೆ ಅವನಿಗೂ ಐದು ವರ್ಷ, ಇನ್ನೂ ಮೂರು ಬಾಕಿ, ಪೆಂಗಿಲಿ ಬೀಗಕ್ಕೆ ಕೈ ಹಚ್ಚುವ ಹಾಗಿಲ್ಲ. ಸನದು ಹೋಗುವವರೆಗಾದರೂ, ಹೋಗದಿದ್ದರೆ ಆಮೇಲೂ, ಕೂರಲು ಒಂದು ಜಾಗ. ಅದಕ್ಕೆ ಬೇಕಾದದ್ದು ಬ್ರಿಯೊನಿಯಿಂದ ಎರಡೇ ವಾಕ್ಯ. ಮೂವತ್ತೊಂದು ವರ್ಷದ ಹುಡುಗಿ ತನ್ನ ಸಹಿ ಸುಳ್ಳು ಎಂದು ಬರೆದುಕೊಡಬೇಕು.

ಫೋನು ಯಾವಾಗ ಕೈಗೆ ಬಂತೋ ಅವನಿಗೆ ತಿಳಿಯಲಿಲ್ಲ. ಅವಳು ತಕ್ಷಣ ಎತ್ತಿಕೊಂಡಳು, ಹೇಳಿ ಸರ್, ಅಲ್ಲೂ ಇದೇ ಗಾಳಿನಾ, ಇಲ್ಲಿ ರಸ್ತೇನೇ ಕಾಣ್ತಿಲ್ಲ ಎಂದಳು. ಅವಳ ಹಿಂದೆ ಯಾರೋ ಕಪ್ಪು ಬಸಿ ತೊಳೆಯುವ ಸದ್ದು. ಅವನು ಇಲ್ಲೂ ಹಾಗೇ ಎಂದ. ಅಮ್ಮ ಚೆನ್ನಾಗಿದ್ದಾಳೆ ಎಂದ. ಆಮೇಲೆ, ತಾನೇ ಕೇಳುತ್ತಿದ್ದೇನೆಯೋ ಬೇರೆ ಯಾರೋ ಕೇಳುತ್ತಿದ್ದಾರೆಯೋ ಅನ್ನುವಂಥ ದನಿಯಲ್ಲಿ, "ಬ್ರಿಯೊನಿ, ಈ ಕೋಣೆ ಹಿಡಿಯುವಾಗ ನನಗೆ ಸರ್ಟಿಫಿಕೇಟು ಕೊಟ್ಟೆಯಲ್ಲ. ಆವತ್ತು ನನಗೆ ಏನು ವಿವರಿಸಿದೆ, ನೆನಪಿದೆಯಾ?" ಎಂದು ಕೇಳಿದ.

ಕಪ್ಪು ತೊಳೆಯುವ ಸದ್ದು ನಿಂತಿತು. ಅವಳು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಬೇಕು. "ನಿಮಗೆ ಗೊತ್ತಿರೋದನ್ನ ನಾನೇನು ವಿವರಿಸ್ಲಿ ಸರ್," ಎಂದಳು. ದನಿ ಸಣ್ಣದಾಗಿತ್ತು. "ನೀವೇ ಹಾಕು ಅಂದ್ರಿ."

"ಹೌದು. ನಾನೇ ಅಂದೆ."

"ಯಾರಾದ್ರೂ ಕೇಳಿದ್ರಾ? ಏನಾದ್ರೂ ಆಗಿದೆಯಾ?"

"ಇಲ್ಲ," ಎಂದ. "ಏನಿಲ್ಲ."

ಸರಿ ಸರ್ ಎಂದಳು ಅವಳು, ಆದರೆ ಇಡಲಿಲ್ಲ. ಅವನೂ ಇಡಲಿಲ್ಲ. ಎಂಬತ್ತು ಕಿಲೋಮೀಟರಿನ ಆ ಕಡೆ ಅವಳು ಉಸಿರಾಡುವುದು ಅವನಿಗೆ ಕೇಳುತ್ತಿತ್ತು. ಮೇಜಿನ ಮೇಲೆ ಹಾಸಿದ ಕರಾರಿನ ಕೊನೆಯ ಹಾಳೆಯಲ್ಲಿ, ಅವಳ ಎಳೆಯ ದುಂಡು ಸಹಿಯ ಮೇಲೆ, ಅವನ ಹೆಬ್ಬೆರಳು ಇತ್ತು.